ಸಾಗರದ ಬೈಕು ಮತ್ತೆ ಸಾಗರಕ್ಕೆ

ನನ್ನ ಬೈಕಿನ ನಂಬರ್ ಪ್ಲೇಟಿನಲ್ಲಿ ಕೆಎ-15 ಅಂತ ಇದೆ. ಕೆಎ-15 ಅಂದರೆ ಸಾಗರ. ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತಾಗ ಯಾರಾದರೂ ಮಲೆನಾಡಿನವರು ಅದನ್ನು ನೋಡಿ, "ಸಾಗರದಲ್ಲಿ ಎಲ್ಲಿ?" ಅಂತ ಕೇಳುತ್ತಾರೆ. ನಾನು ಸಾಗರದವನಲ್ಲ, ಬೈಕು ಮಾತ್ರ ಅಲ್ಲಿಯದು.

2008ರ ಹೀರೋ ಹೋಂಡಾ ಕರಿಜ್ಮಾ. ಸಾಗರದ ಹತ್ತಿರದ ಒಂದು ಹಳ್ಳಿಯ ಅಡಿಕೆ ತೋಟದ ಯಜಮಾನರು ಹೊಸದಾಗಿ ಕೊಂಡು ಹದಿನಾರು ವರ್ಷ ಓಡಿಸಿದ್ದರು. 15 ವರ್ಷ ತುಂಬಿದಾಗ ಆರ್‌ಸಿಯನ್ನೂ ಮುಂದಿನ 5 ವರ್ಷಕ್ಕೆ ರಿನ್ಯೂ ಮಾಡಿಸಿಟ್ಟಿದ್ದರು. ಮಂಡಿ ನೋವು ಜಾಸ್ತಿ ಆಗಿದ್ದಕ್ಕೆ ಮಾರಿದರು. ಕೀ ಕೈಗೆ ಕೊಡುವಾಗ ಒಂದೇ ಮಾತು ಹೇಳಿದ್ದರು. "ಈ ಬದಿಗೆ ಬಂದ್ರೆ ಇದರಲ್ಲೇ ಬನ್ನಿ. ಒಂದ್ಸಲ ನೋಡ್ಬೇಕು ಅನ್ನಿಸ್ತದೆ." ಕಳೆದ ಡಿಸೆಂಬರ್‌ನಲ್ಲಿ ನಾಲ್ಕು ದಿನ ರಜೆ ಸಿಕ್ಕಿತು. ಶಿರಾಡಿ ಘಾಟಿ ಇಳಿದು, ಕರಾವಳಿ ಹಿಡಿದು ಹೊನ್ನಾವರಕ್ಕೆ ಹೋಗಿ, ಗೇರುಸೊಪ್ಪೆ ಹತ್ತಿ ಅವರ ಮನೆ ಸೇರುವುದು ಅಂತ ತೀರ್ಮಾನ ಮಾಡಿದೆ.

ಕರಿಜ್ಮಾ 2003ರಲ್ಲಿ ಬಂದಾಗ ನಮ್ಮ ಕಾಲೇಜಿನ ಹುಡುಗರೆಲ್ಲ ಅದರ ಹಿಂದೆ ಬಿದ್ದಿದ್ದೆವು. 223 ಸಿಸಿ, ಒಂದೇ ಸಿಲಿಂಡರ್, ಗಾಳಿಯಲ್ಲೇ ತಣ್ಣಗಾಗುವ ಎಂಜಿನ್, ಹೆಚ್ಚೂಕಡಿಮೆ 17 ಎಚ್‌ಪಿ. ಈಗಿನ 200 ಸಿಸಿ ಬೈಕುಗಳ ಮುಂದೆ ಈ ಲೆಕ್ಕ ಸಣ್ಣದೇ. ಆದರೆ 15 ಲೀಟರ್ ಟ್ಯಾಂಕು, ಅಗಲವಾದ ಸೀಟು, ಎದೆಗೆ ಬೀಳುವ ಗಾಳಿಯನ್ನು ಸೀಳುವ ಫೇರಿಂಗು. 80-85ರಲ್ಲಿ ಬೆಳಗಿನಿಂದ ಸಂಜೆವರೆಗೆ ಓಡಿಸಿದರೂ ಎಂಜಿನ್ನಿಗೂ ಸುಸ್ತಿಲ್ಲ, ಸೊಂಟಕ್ಕೂ ಸುಸ್ತಿಲ್ಲ. ತಿರುವಿನಲ್ಲಿ ಬಾಗುವಾಗ ಸ್ಪೋರ್ಟ್ಸ್ ಬೈಕು, ನೇರ ದಾರಿಯಲ್ಲಿ ಟೂರಿಂಗ್ ಬೈಕು. ನಮ್ಮ ದುಡ್ಡಿಗೆ ಎಟುಕುವ ಹಾಗೆ ಈ ಎರಡನ್ನೂ ಒಟ್ಟಿಗೆ ಕೊಟ್ಟಿದ್ದು ಇದೇ.

ಕೊಂಡ ಹೊಸದರಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಜೋರು ಸದ್ದಿನ ಸೈಲೆನ್ಸರ್, ದೊಡ್ಡ ಕಾರ್ಬುರೇಟರ್. ನಮ್ಮ ಏರಿಯಾದ ಗ್ಯಾರೇಜಿನ ಮೆಕ್ಯಾನಿಕ್ ಬೈಕನ್ನು ಒಂದು ಸುತ್ತು ಓಡಿಸಿ ಬಂದು ಹೇಳಿದರು. "ಸಾರ್, ನಿಲ್ಲೋದು, ತಿರುಗೋದು, ಕಾಣೋದು. ಈ ಮೂರು ಮೊದಲು ಸರಿ ಮಾಡಣ. ಓಡೋದು ಅದಕ್ಕೇ ಗೊತ್ತು." ದುಡ್ಡೆಲ್ಲ ಅವರು ಹೇಳಿದ ಕಡೆಗೇ ಹೋಯಿತು. ಎಂಜಿನ್ನಿಗೆ ಮಾಡಿಸಿದ್ದು ಟ್ಯಾಪೆಟ್ ಸೆಟ್ಟಿಂಗ್, ಕಾರ್ಬುರೇಟರ್ ಕ್ಲೀನಿಂಗ್, ಹೊಸ ಪ್ಲಗ್ಗು, ಬಿರುಕು ಬಿಟ್ಟಿದ್ದ ಒಂದು ರಬ್ಬರ್ ಪೈಪು. ಅಷ್ಟೇ.

ಮೊದಲ ದಿನ: ಬೆಂಗಳೂರಿನಿಂದ ಸಕಲೇಶಪುರ

ಬೆಳಗ್ಗೆ ಐದಕ್ಕೆ ಹೊರಟೆ. ನೆಲಮಂಗಲ ದಾಟಿ ಹಾಸನದ ರಸ್ತೆಗೆ ತಿರುಗಿದಾಗ ಇನ್ನೂ ಕತ್ತಲು. ಕುಣಿಗಲ್ ಹತ್ತಿರ ಮಂಜು ದಟ್ಟವಾಗಿತ್ತು.

"ಕಾಣೋದು" ಅಂತ ಮೆಕ್ಯಾನಿಕ್ ಹೇಳಿದ್ದು ಇಲ್ಲಿ ಅರ್ಥವಾಯಿತು. ಬೈಕು ಮನೆಗೆ ಬಂದಾಗ ಹೆಡ್‌ಲೈಟು ಮೊಂಬತ್ತಿಯ ಹಾಗೆ ಹಳದಿಯಾಗಿ ಉರಿಯುತ್ತಿತ್ತು. ಬಲ್ಬಿನ ತಪ್ಪು ಅಂತ ಎರಡು ಸಲ ಬಲ್ಬು ಬದಲಿಸಿದ್ದೆ. ಮೆಕ್ಯಾನಿಕ್ ಮೀಟರ್ ಹಿಡಿದು ತೋರಿಸಿದರು. ಬ್ಯಾಟರಿಯಲ್ಲಿ 12.6 ವೋಲ್ಟ್ ಇದೆ, ಬಲ್ಬಿನ ಹೋಲ್ಡರ್ ಮುಟ್ಟುವ ಹೊತ್ತಿಗೆ 11ಕ್ಕೂ ಕಡಿಮೆ. ಹದಿನಾರು ವರ್ಷದ ಸಣ್ಣ ವೈರು, ಕಪ್ಪು ಹಿಡಿದ ಸ್ವಿಚ್ಚು, ಮಧ್ಯೆ ಮಧ್ಯೆ ತುಕ್ಕು ಹಿಡಿದ ಕನೆಕ್ಟರ್. ಕರೆಂಟೆಲ್ಲ ದಾರಿಯಲ್ಲೇ ಸೋರಿಹೋಗುತ್ತಿತ್ತು. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬಾ ಇಳಿಯುತ್ತದೆ. ಅದಕ್ಕೆ ಒಂದು ರಿಲೇ ಹಾಕಿ, ಬ್ಯಾಟರಿಯಿಂದ ಬಲ್ಬಿಗೆ ನೇರ ದಪ್ಪ ವೈರು ಎಳೆದರು. ಸ್ವಿಚ್ಚು ಈಗ ರಿಲೇಗೆ ಸನ್ನೆ ಮಾಡುವ ಕೆಲಸ ಮಾತ್ರ ಮಾಡುತ್ತದೆ. ಬಲ್ಬು ಮೊದಲಿನ ವ್ಯಾಟಿನದೇ. ಆದರೂ ಆ ಮಂಜಿನಲ್ಲಿ ರಸ್ತೆಯ ಬಿಳಿ ಪಟ್ಟಿ ಕಾಣುತ್ತಿತ್ತು, ಅಂಚಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಟಿವಿಎಸ್ ಕಾಣುತ್ತಿತ್ತು. ಹಳೇ ಬೈಕು ಇಟ್ಟುಕೊಂಡವರು ಎಲ್‌ಇಡಿಗೆ ದುಡ್ಡು ಹಾಕುವ ಮೊದಲು ಈ ಒಂದು ಕೆಲಸ ಮಾಡಿಸಿ ನೋಡಿ.

ಬೆಳ್ಳೂರು ಕ್ರಾಸ್‌ನಲ್ಲಿ ಇಡ್ಲಿ ವಡೆ. ಚನ್ನರಾಯಪಟ್ಟಣ ಬರುವ ಹೊತ್ತಿಗೆ ಬಿಸಿಲು ಬಂತು. ಹಾಸನದವರೆಗೆ ಅಗಲವಾದ ನೇರ ರಸ್ತೆ, ಅದರ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಹಾಸನ ದಾಟಿದ ಮೇಲೆ ಗಾಳಿ ತಂಪಾಯಿತು, ಕಾಫಿ ತೋಟಗಳು ಶುರುವಾದವು. ಹೂವಿನ ಕಾಲ ಅಲ್ಲ, ಹಣ್ಣು ಕೊಯ್ಯುವ ಕಾಲ. ಕಣಗಳಲ್ಲಿ ಕಾಫಿ ಒಣಗಲು ಹಾಕಿದ್ದರು.

ಮಧ್ಯಾಹ್ನಕ್ಕೇ ಸಕಲೇಶಪುರ ಮುಟ್ಟಿದೆ. ಮುಂದೆ ಹೋಗಬಹುದಿತ್ತು. ಆದರೆ ಶಿರಾಡಿಯನ್ನು ಬೆಳಗಿನ ಹೊತ್ತಿನಲ್ಲೇ ಇಳಿಯಬೇಕು ಅಂತ ಆಸೆ. ಲಾಡ್ಜಿನ ಅಂಗಳದಲ್ಲಿ ಚೈನ್ ಒರೆಸಿ ಎಣ್ಣೆ ಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗ, "ಅಣ್ಣಾ, ಇದು ಇನ್ನೂ ಓಡುತ್ತಾ?" ಅಂದ. ಕೀ ಕೊಟ್ಟು ಸ್ಟಾರ್ಟ್ ಮಾಡು ಅಂದೆ. ಸದ್ದು ಕೇಳಿ ಸ್ವಲ್ಪ ಹೊತ್ತು ಸುಮ್ನೆ ನಿಂತುಕೊಂಡ.

ಎರಡನೇ ದಿನ: ಶಿರಾಡಿ ಇಳಿದು ಉಡುಪಿಗೆ

ದೋಣಿಗಲ್‌ನಲ್ಲಿ ಟೀ ಕುಡಿದು ಘಾಟಿ ಇಳಿಯಲು ಶುರು ಮಾಡಿದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆಲ್ಲೋ ನೀರಿನ ಸದ್ದು. ಇದೇ ಕಾಡಿನೊಳಗೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 57 ಸುರಂಗಗಳ ರೈಲುದಾರಿಯೂ ಇಳಿಯುತ್ತದೆ. ಮಂಜು ಬಿದ್ದು ಕಾಂಕ್ರೀಟು ಅಲ್ಲಲ್ಲಿ ಒದ್ದೆಯಾಗಿತ್ತು. ಎದುರಿನಿಂದ ಮಂಗಳೂರಿನ ಗ್ಯಾಸ್ ಟ್ಯಾಂಕರುಗಳು ಏದುಸಿರು ಬಿಡುತ್ತಾ ಹತ್ತುತ್ತಿದ್ದವು.

ಕರಿಜ್ಮಾದ ಹೆಡ್‌ಲೈಟು ಫೇರಿಂಗಿಗೆ ಕೂತಿದೆ, ಹ್ಯಾಂಡಲ್ ತಿರುಗಿಸಿದರೆ ಅದು ತಿರುಗುವುದಿಲ್ಲ. ಮೊದಮೊದಲು ತಿರುವಿನಲ್ಲಿ ಇದು ಗಲಿಬಿಲಿ ಮಾಡುತ್ತದೆ. ಹ್ಯಾಂಡಲ್ ಎಡಕ್ಕೆ ಹೋಗಿದೆ, ಮುಂದಿನ ಮೂತಿ ಮಾತ್ರ ನೇರ ನೋಡುತ್ತಿದೆ. ಅಭ್ಯಾಸವಾದ ಮೇಲೆ ಹ್ಯಾಂಡಲ್ ಎಷ್ಟು ಹಗುರ ಅಂತ ತಿಳಿಯುತ್ತದೆ, ಮುಂದಿನ ಭಾರವನ್ನೆಲ್ಲ ಚಾಸಿ ಹೊತ್ತಿರುತ್ತದೆ.

ಆದರೆ ನನಗೆ ಬೈಕು ಸಿಕ್ಕಾಗ ಆ ಹಗುರ ಇರಲಿಲ್ಲ. ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗಲು ಬಟ್ಟಲುಗಳ ನಡುವೆ ಗೋಲಿಗಳಿರುವ ಬೇರಿಂಗು, ಹೋಗಿತ್ತು. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ಆಡಿಸಿದರೆ, ಸರಿಯಾಗಿ ನಡುವೆ ಒಂದು ಕಡೆ "ಟಕ್" ಅಂತ ಸಿಕ್ಕಿಕೊಳ್ಳುತ್ತಿತ್ತು. ಮೆಕ್ಯಾನಿಕ್ ಬಿಚ್ಚಿ, ಒರೆಸಿ, ಬಟ್ಟಲನ್ನು ನನ್ನ ಅಂಗೈ ಮೇಲೆ ಇಟ್ಟರು. ಗೋಲಿಗಳು ಕೂರುವ ಜಾಗದಲ್ಲಿ ಸುತ್ತಲೂ ಸಣ್ಣ ಸಣ್ಣ ಕುಳಿ, ಅಕ್ಕಿಕಾಳಿನಷ್ಟು ದೊಡ್ಡವು. ಉಗುರಿಗೆ ಸಿಗುತ್ತಿದ್ದವು. ಹಳ್ಳದ ರಸ್ತೆಯ ಪೆಟ್ಟೆಲ್ಲ ವರ್ಷಾನುಗಟ್ಟಲೆ ಆ ಗೋಲಿಗಳ ಮೂಲಕ ಅಲ್ಲಿಗೇ ಬಿದ್ದು ಆದ ಕುಳಿಗಳು. ಗೋಲಿ ಬಟ್ಟಲನ್ನು ಮುಟ್ಟುವುದು ಒಂದು ಚುಕ್ಕೆಯಲ್ಲಿ, ಆ ಚುಕ್ಕೆಯೇ ತಗ್ಗುತ್ತದೆ. ಅದರ ಬದಲು ಟೇಪರ್ ರೋಲರ್ ಬೇರಿಂಗ್ ಹಾಕಿಸಿದೆ. ಅದರೊಳಗೆ ಗೋಲಿ ಇಲ್ಲ, ಸಣ್ಣ ಉರುಳೆಗಳು. ಅವು ಉದ್ದಕ್ಕೂ ಒಂದು ಗೆರೆಯಾಗಿ ಕೂರುತ್ತವೆ. ಭಾರ ಹಂಚಿಹೋಗುತ್ತದೆ. ಶಿರಾಡಿಯ ತಿರುವುಗಳಲ್ಲಿ ಬೈಕು ನಾನು ನೋಡಿದ ಕಡೆಗೆ ತಾನಾಗಿ ಹೋಗುತ್ತಿತ್ತು.

ಅರ್ಧ ಘಾಟಿಯಲ್ಲಿ ಒಂದು ಬಲ ತಿರುವು. ಎದುರಿನಿಂದ ಟ್ಯಾಂಕರ್. ಅದರ ಹಿಂದಿದ್ದ ಬಸ್ಸು ತಿರುವಿನಲ್ಲೇ ಓವರ್‌ಟೇಕ್ ಮಾಡಲು ನನ್ನ ಕಡೆಗೆ ಬಂತು. ನನಗೆ ಉಳಿದದ್ದು ಎಡಗಡೆಯ ಮೂರು ಅಡಿ ಮಣ್ಣು, ಅದರಾಚೆ ಮೋರಿ. ಮುಂದಿನ ಬ್ರೇಕ್ ಹಿಡಿದೆ. ಲಿವರ್ ಅರ್ಧಕ್ಕೇ ಗಟ್ಟಿಯಾಗಿ ನಿಂತಿತು, ಮುಂದಿನ ಫೋರ್ಕು ತಗ್ಗಿತು, ಬೈಕು ಒಂದು ಚೂರೂ ಜಾರದೆ ನಿಂತಿತು. ಬಸ್ಸು ಗಾಳಿ ಎಬ್ಬಿಸಿಕೊಂಡು ಹೋಯಿತು. ಕಾಲು ನಡುಗುತ್ತಿತ್ತು. ಬೈಕು ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಕಲ್ಲಿನ ಮೇಲೆ ಕೂತೆ.

ಹಳೆಯ ಬ್ರೇಕ್ ಹಾಗೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಅಲ್ಲಿ ಕೂತು ಯೋಚಿಸಿದೆ. ಮೊದಲು ಲಿವರ್ ಒತ್ತಿದರೆ ಸ್ಪಂಜಿನ ಹಾಗೆ ಹ್ಯಾಂಡಲ್‌ವರೆಗೂ ಬರುತ್ತಿತ್ತು. ಪ್ಯಾಡ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ರಬ್ಬರ್ ಹೋಸಿನಲ್ಲಿ. ವಯಸ್ಸಾದ ರಬ್ಬರು ಒತ್ತಡಕ್ಕೆ ಉಬ್ಬುತ್ತದೆ. ನಾವು ಕೈಯಲ್ಲಿ ಹಾಕಿದ ಬಲ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ತಲುಪುವ ಬದಲು ಹೋಸನ್ನು ಉಬ್ಬಿಸುವುದಕ್ಕೇ ಖರ್ಚಾಗುತ್ತದೆ. ಅದನ್ನು ತೆಗೆದು ಉಕ್ಕಿನ ಹೆಣಿಗೆ ಇರುವ ಹೋಸ್ ಹಾಕಿಸಿ, ಹೊಸ ಬ್ರೇಕ್ ಆಯಿಲ್ ತುಂಬಿಸಿದ್ದೆ. ಹಿಂದೆ ಡ್ರಮ್ಮೇ ಇದೆ, ಶೂ ಮಾತ್ರ ಹೊಸದು. ಆ ಹೋಸಿಗೆ ದುಡ್ಡು ಕೊಡುವಾಗ ನನ್ನ ಕೈ ಹಿಂದೆಮುಂದೆ ನೋಡಿತ್ತು. ಹೊರಗಿನಿಂದ ನೋಡಿದವರಿಗೆ ಅದು ಕಾಣುವ ವಸ್ತುವೂ ಅಲ್ಲ.

ಗುಂಡ್ಯದಲ್ಲಿ ಇನ್ನೊಂದು ಟೀ. ಕೆಳಗಿಳಿದ ಕೂಡಲೇ ಸೆಕೆ. ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ. ರೋಡ್ ದಾಟಿ ಮಂಗಳೂರಿನ ಟ್ರಾಫಿಕ್ಕು. ಸುರತ್ಕಲ್ ಆದಮೇಲೆ ಸಮುದ್ರದ ಗಾಳಿ ಸಿಕ್ಕಿತು. ಸಂಜೆ ಮಲ್ಪೆಗೆ ಹೋಗಿ ದೋಣಿಗಳನ್ನು ನೋಡುತ್ತಾ ಕೂತೆ. ಮನೆಗೆ ಫೋನ್ ಮಾಡಿ ಅಮ್ಮನಿಗೆ ಬಸ್ಸಿನ ವಿಷಯ ಹೇಳಲಿಲ್ಲ, ಊಟದ ವಿಷಯ ಮಾತ್ರ ಹೇಳಿದೆ.

ಮೂರನೇ ದಿನ: ಉಡುಪಿಯಿಂದ ಸಾಗರಕ್ಕೆ

ಕುಂದಾಪುರ ದಾಟಿದ ಮೇಲೆ ಮರವಂತೆ. ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಎಷ್ಟು ಸಲ ನೋಡಿದರೂ ಅಲ್ಲಿ ಕೈ ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ.

ಬೈಂದೂರಿನ ಹತ್ತಿರ ಹಿಂದಿನ ಚಕ್ರ ಅಲ್ಲಾಡಿತು. ಪಂಕ್ಚರ್. ನನ್ನದು ಟ್ಯೂಬ್ ಇರುವ ಟೈರು, ಚಕ್ರ ಬಿಚ್ಚಲೇಬೇಕು. ಅಂಗಡಿಯವರು ಒಂದು ಗೇಣು ತಂತಿ ಎಳೆದು ತೆಗೆದು, "ಟೈರ್ ಹೊಸತು ಮಾರಾಯ್ರೇ, ಇಲ್ಲದಿದ್ರೆ ಇದು ಸೀಳಿಯೇ ಹಾಕ್ತಿತ್ತು" ಅಂದರು. ಬೈಕಿನ ಜೊತೆ ಬಂದಿದ್ದ ಟೈರಿನಲ್ಲಿ ಪಟ್ಟೆ ಇನ್ನೂ ಅರ್ಧ ಉಳಿದಿತ್ತು. ಆದರೆ ಪಕ್ಕದ ಗೋಡೆಯಲ್ಲಿ 3216 ಅಂತ ನಾಲ್ಕು ಅಂಕಿ ಇತ್ತು. 2016ರ 32ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ರಬ್ಬರು ಗಟ್ಟಿಯಾಗಿ, ಬುಡದಲ್ಲಿ ಕೂದಲೆಳೆಯ ಬಿರುಕುಗಳು ಬಿದ್ದಿದ್ದವು. ಸೆಕೆಂಡ್ ಹ್ಯಾಂಡ್ ಬೈಕು ನೋಡಲು ಹೋದಾಗ ಕಿಲೋಮೀಟರ್ ನೋಡುವ ಮೊದಲು ಈ ನಾಲ್ಕು ಅಂಕಿ ನೋಡಬೇಕು.

ಭಟ್ಕಳ, ಮುರುಡೇಶ್ವರ ಬದಿಗೆ ಬಿಟ್ಟು ಹೊನ್ನಾವರಕ್ಕೆ ಬಂದೆ. ಊಟ ಮಾಡಿ ಶರಾವತಿಯ ಪಕ್ಕದ ದಾರಿ ಹಿಡಿದೆ. ತುಮಕೂರಿನಲ್ಲಿ, ಶಿವಮೊಗ್ಗದಲ್ಲಿ ಎಲ್ಲರೂ "ಬಿ.ಎಚ್. ರಸ್ತೆ" ಅನ್ನುತ್ತಾರಲ್ವಾ, ಬೆಂಗಳೂರು–ಹೊನ್ನಾವರ ರಸ್ತೆ, ಅದರ ಆ ತುದಿ ಇದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಈ ಘಟ್ಟದ ಕಾಳುಮೆಣಸು ಪೋರ್ಚುಗೀಸರವರೆಗೆ ಹೋಗುತ್ತಿತ್ತು. ಅವಳನ್ನು ಅವರು ಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರಂತೆ.

ಘಾಟಿ ಹತ್ತುವಾಗ ಕ್ಲಚ್ ಬಿಗಿಯಾಗುತ್ತಾ ಬಂತು. ಲಿವರ್ ಒತ್ತಿದರೆ ಒಳಗೆ ಏನೋ ಗೀರಿದ ಹಾಗೆ. ನಿಲ್ಲಿಸಿ ನೋಡಿದೆ. ಲಿವರಿನೊಳಗೆ ಕೂರುವ ಸೀಸದ ಗುಂಡಿನ ಬುಡದಲ್ಲಿ ಕೇಬಲ್ಲಿನ ಎಳೆಗಳು ಒಂದೊಂದೇ ಕಿತ್ತು, ಮುಳ್ಳಿನ ಹಾಗೆ ಹೊರಗೆ ಎದ್ದಿದ್ದವು. ನಾಲ್ಕೈದು ಎಳೆಗಳಷ್ಟೇ ಉಳಿದಿದ್ದವು. ಸುತ್ತ ಕಾಡು, ಮೊಬೈಲಿನಲ್ಲಿ ಸಿಗ್ನಲ್ ಇಲ್ಲ.

ಇದಕ್ಕೂ ಮೆಕ್ಯಾನಿಕ್ ದಾರಿ ಮಾಡಿಟ್ಟಿದ್ದರು. ಹೊರಡುವ ಹಿಂದಿನ ದಿನ ಹೊಸ ಕೇಬಲ್ ಒಂದನ್ನು ಹಳೆಯದರ ಪಕ್ಕದಲ್ಲೇ, ಅದೇ ದಾರಿಯಲ್ಲಿ ಎಳೆದು, ಎರಡು ತುದಿಗೂ ಪ್ಲಾಸ್ಟಿಕ್ ಸುತ್ತಿ ಟೈ ಹಾಕಿ ಕಟ್ಟಿದ್ದರು. ಟ್ಯಾಂಕ್ ಬಿಚ್ಚುವ ಕೆಲಸವೇ ಇಲ್ಲ. ಲಿವರಿನ ಅಡ್ಜಸ್ಟರ್ ಪೂರ್ತಿ ಒಳಗೆ ತಿರುಗಿಸಿದೆ. ಅಡ್ಜಸ್ಟರಿನ ಸೀಳು, ಅದರ ನಟ್ಟಿನ ಸೀಳು, ಲಿವರಿನ ಸೀಳು ಮೂರನ್ನೂ ಒಂದೇ ಸಾಲಿಗೆ ತಂದು ಹಳೇ ಗುಂಡು ಈಚೆಗೆ ಎಳೆದು, ಹೊಸದನ್ನು ಕೂರಿಸಿದೆ. ಕೆಳಗೆ ಎಂಜಿನ್ ಬದಿಯಲ್ಲಿ ಬಿಸಿಗೆ ಬೆರಳು ಸ್ವಲ್ಪ ಸುಟ್ಟಿತು. ಇಪ್ಪತ್ತು ನಿಮಿಷ. ಮರದ ಮೇಲೆ ಕೊಂಬೆ ಅಲ್ಲಾಡಿತು, ತಲೆ ಎತ್ತಿದರೆ ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ಸಿಂಗಳೀಕ. ಪುಸ್ತಕದಲ್ಲಿ ಬಿಟ್ಟರೆ ಅದನ್ನು ನೋಡಿದ್ದು ಅದೇ ಮೊದಲು. ಸ್ಪಾನರ್ ಕೈಯಲ್ಲೇ ಹಿಡಿದು ಅದು ಕಣ್ಮರೆ ಆಗುವವರೆಗೂ ನಿಂತೆ.

ಜೋಗದಲ್ಲಿ ನೀರು ಇಳಿದಿತ್ತು. ಲಿಂಗನಮಕ್ಕಿ ಕಟ್ಟಿದ ಮೇಲೆ ಮಳೆಗಾಲ ಮುಗಿದರೆ ಹಾಗೇ. ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ತೆಳ್ಳಗೆ ಬೀಳುತ್ತಿದ್ದವು. 253 ಮೀಟರ್ ಕೆಳಗಿನ ಬಂಡೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ಕತ್ತಲಾಗುವ ಮೊದಲು ಅವರ ಮನೆ ಸೇರಬೇಕಿತ್ತು.

ಮಣ್ಣಿನ ದಾರಿಗೆ ತಿರುಗಿದಾಗಲೇ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ ವಾಸನೆ ಬಂತು. ಅಡಿಕೆ ಕೊಯ್ಲಿನ ಸಮಯ. ಅಂಗಳದ ಮೂಲೆಯಲ್ಲಿ ಹಂಡೆ ಕುದಿಯುತ್ತಿತ್ತು, ನಾಲ್ಕೈದು ಜನ ಅಡಿಕೆ ಸುಲಿಯುತ್ತಾ ಕೂತಿದ್ದರು. ಯಜಮಾನರು ಜಗಲಿಯಿಂದ ಎದ್ದು ಬಂದರು. ನನ್ನನ್ನು ನೋಡುವ ಮೊದಲು ಬೈಕು ನೋಡಿದರು.

"ಸದ್ದಲ್ಲೇ ಗೊತ್ತಾಯ್ತು. ಬನ್ನಿ ಬನ್ನಿ. ಆಸ್ರಿಗೆ ಎಂತ ಮಾಡ್ಲಿ? ಮಜ್ಜಿಗೆಯಾ, ಕಷಾಯವಾ?"

ಕಷಾಯ ಕುಡಿದೆವು. ಅವರು ಒಳಗೆ ಹೋಗಿ ಒಂದು 200 ಪೇಜಿನ ನೋಟ್‌ಬುಕ್ ತಂದರು. ಮಾರುವ ದಿನ ಎಲ್ಲೋ ಕೈತಪ್ಪಿತ್ತಂತೆ, ಆಮೇಲೆ ಅಟ್ಟದ ಮೇಲೆ ಸಿಕ್ಕಿತಂತೆ. 2008ರ ಮೊದಲ ಸರ್ವೀಸಿನಿಂದ ಹಿಡಿದು ಎಲ್ಲವೂ ನೀಲಿ ಶಾಯಿಯಲ್ಲಿ. ತಾರೀಕು, ಕಿಲೋಮೀಟರ್, ಏನು ಮಾಡಿಸಿದ್ದು, ಎಷ್ಟು ಕೊಟ್ಟದ್ದು. ಅಕ್ಟೋಬರ್ 2016ರಲ್ಲಿ "ಹಿಂದಿನ ಟೈರ್" ಅಂತ ಇತ್ತು. "ಕೋನ್ ಸೆಟ್" ಅಂತ 2012ರಲ್ಲಿ ಒಂದು ಸಲ, 2015ರಲ್ಲಿ ಒಂದು ಸಲ, 2019ರಲ್ಲಿ ಮತ್ತೊಂದು ಸಲ. ಒಂದು ಪುಟದ ಅಂಚಿನಲ್ಲಿ, ಲೆಕ್ಕಕ್ಕೆ ಸಂಬಂಧವಿಲ್ಲದ ಹಾಗೆ, "ಮಗಳನ್ನು ಶಿವಮೊಗ್ಗ ಹಾಸ್ಟೆಲಿಗೆ ಬಿಟ್ಟು ಬಂದದ್ದು" ಅಂತ ಬರೆದಿದ್ದರು.

"ಒಂದು ಸುತ್ತು ಹೋಗಿ ಬರ್ತೀರಾ?" ಅಂತ ಕೇಳಿದೆ. ಅವರು ಮನೆಯವರ ಕಡೆ ನೋಡಿದರು. ಆ ಮನೆಯ ಅಮ್ಮ ಬಾಗಿಲಲ್ಲಿ ನಿಂತು, "ಗೇಟಿನ ತನಕ ಮಾತ್ರ" ಅಂದರು.

ಕಾಲು ಎತ್ತಿ ಹಾಕುವಾಗ ನಾನು ಬೈಕು ಹಿಡಿದುಕೊಂಡೆ. ಕೂತ ಮೇಲೆ ನನ್ನ ಸಹಾಯ ಬೇಕಾಗಲಿಲ್ಲ. ಅಂಗಳ ದಾಟಿ, ತೋಟದ ಪಕ್ಕದ ದಾರಿಯಲ್ಲಿ ಗೇಟಿನವರೆಗೆ ಹೋಗಿ, ತಿರುಗಿಸಿಕೊಂಡು ಬಂದರು. ಇಳಿಯದೆ ಅಲ್ಲೇ ಕೂತು ಹ್ಯಾಂಡಲನ್ನು ಎರಡು ಸಲ ಆ ಕಡೆ ಈ ಕಡೆ ಆಡಿಸಿದರು. ಮುಂದಿನ ಬ್ರೇಕ್ ಒತ್ತಿ ಬಿಟ್ಟರು, ಮತ್ತೆ ಒತ್ತಿದರು.

"ಇದಕ್ಕೆ ಎಂತ ಮಾಡಿದ್ರಿ? ನಾನು ಮೂರು ಸಲ ಕೋನ್ ಸೆಟ್ ಹಾಕ್ಸಿದ್ರೂ ಹ್ಯಾಂಡಲ್ ಹೀಗೆ ಬರ್ಲಿಲ್ಲ."

ಉರುಳೆ ಬೇರಿಂಗಿನ ಬಗ್ಗೆ ಹೇಳಿದೆ. ಹೋಸ್ ತೋರಿಸಿದೆ. ಬಗ್ಗಿ, ಬೆರಳಿನಿಂದ ಹೋಸನ್ನು ಮೇಲಿನಿಂದ ಕೆಳಗಿನವರೆಗೆ ಸವರಿ ನೋಡಿದರು. ಆ ರಾತ್ರಿ ಅಪ್ಪೆಹುಳಿ, ತಂಬುಳಿ, ಕೆಂಪಕ್ಕಿ ಅನ್ನ. ಮಲಗುವವರೆಗೂ ಬೈಕಿನದ್ದೇ ಮಾತು.

ನಾಲ್ಕನೇ ದಿನ: ಬಿ.ಎಚ್. ರಸ್ತೆಯಲ್ಲಿ ಮನೆಗೆ

ಆನಂದಪುರ, ಶಿವಮೊಗ್ಗ, ಭದ್ರಾವತಿ, ತರೀಕೆರೆ, ಕಡೂರು. ಕಾಡು ಹೋಗಿ ಗದ್ದೆ ಬಂತು, ಗದ್ದೆ ಹೋಗಿ ತೆಂಗು ಬಂತು. ಅರಸೀಕೆರೆಯಿಂದ ತಿಪಟೂರಿನವರೆಗೆ ರಸ್ತೆ ಅಲ್ಲಲ್ಲಿ ಅಗೆದಿದ್ದರು. ಅಲ್ಲಿ ಹಿಂದಿನ ಶಾಕ್ ಅಬ್ಸಾರ್ಬರುಗಳ ಸ್ಥಿತಿ ತಿಳಿಯಿತು. ಒಂದು ಹಳ್ಳ ಹಾರಿದರೆ ಹಿಂಭಾಗ ಮೂರು ಸಲ ಕುಣಿಯುತ್ತಿತ್ತು. ಬ್ಯಾಗಿನ ಭಾರ ಬೇರೆ. ವೇಗ ಐವತ್ತಕ್ಕೆ ಇಳಿಸಿ, ತಿಪಟೂರಿನಲ್ಲಿ ಎಳನೀರು ಕುಡಿದು, ನಿಧಾನಕ್ಕೆ ಬಂದೆ. ಗುಬ್ಬಿ ದಾಟುವಾಗ ಸೂರ್ಯ ಮುಳುಗಿತು. ತುಮಕೂರಿನಿಂದ ಈಚೆಗೆ ಲಾರಿಗಳ ಸಾಲು.

ಮನೆ ಸೇರಿದಾಗ ರಾತ್ರಿ ಎಂಟೂವರೆ. ಒಟ್ಟು 968 ಕಿಲೋಮೀಟರ್, 25.5 ಲೀಟರ್ ಪೆಟ್ರೋಲು. ಲೀಟರಿಗೆ 38 ಬಂದ ಹಾಗಾಯಿತು.

ಕೈಕಾಲು ತೊಳೆದು ನೋಟ್‌ಬುಕ್ ತೆಗೆದೆ. ಅವರ ಕೊನೆಯ ಸಾಲು ಬೈಕು ಮಾರಿದ ದಿನದ್ದು, "ಬೆಂಗಳೂರಿನವರಿಗೆ ಕೊಟ್ಟದ್ದು" ಅಂತ. ಅದರ ಕೆಳಗೆ ಒಂದು ಗೆರೆ ಬಿಟ್ಟು ಬರೆದೆ: ಟೇಪರ್ ಬೇರಿಂಗ್, ಬ್ರೇಕ್ ಹೋಸ್, ಹೆಡ್‌ಲೈಟ್ ರಿಲೇ, ಎರಡೂ ಟೈರ್. ಗೇರುಸೊಪ್ಪೆ ಘಾಟಿಯಲ್ಲಿ ಕ್ಲಚ್ ಕೇಬಲ್. ಸಿಂಗಳೀಕ ಕಂಡಿದ್ದು. ಮುಂದಿನ ಶನಿವಾರ ಹಿಂದಿನ ಶಾಕ್ ಎರಡೂ ಬದಲಿಸಬೇಕು. ಹೊಸ ಕೇಬಲ್ ಇನ್ನೊಂದು ಎಳೆಸಿ ಕಟ್ಟಿಸಬೇಕು.